ವಿನಿಫ್ರೆಡ್ಡಳ ಮದುವೆ ಮತ್ತು ನನ್ನ ಅತ್ತೆ

ನನ್ನ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಹನ್ನೊಂದು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಾನು ಕೂಡಿಟ್ಟ ಮಾನವನ್ನು ಒಂದೇ ಒಂದು ಭಾನುವಾರ ಮಧ್ಯಾಹ್ನ, ಅಬ್ಬಲಿಗೆ ಹೂ ಕಟ್ಟುತ್ತಾ ಕಟ್ಟುತ್ತಾ, ಮಂಗಳೂರಿನ ಕುಲಶೇಖರದ ನಮ್ಮ ಬಾಡಿಗೆ ಮನೆಯ ಚಾವಡಿಯಲ್ಲಿ ಹರಾಜು ಹಾಕಿದವರು ಇವರೇ. (ಅವರಿಗೆ ಗೊತ್ತಿರುವ ಇಂಗ್ಲಿಷ್ ಶಬ್ದಗಳು ಎರಡು. ಒಂದು 'ಕರೆಂಟ್', ಇನ್ನೊಂದು 'ವೇಸ್ಟ್'. ಎರಡನೆಯದನ್ನು ಹೆಚ್ಚಾಗಿ ನನ್ನನ್ನು ನೋಡಿದಾಗಲೇ ಬಳಸುತ್ತಾರೆ.)

ಸಂಗತಿ ಶುರುವಾದದ್ದು ಎಂಬತ್ತಾರನೇ ಇಸವಿಯ ಮಾರ್ಚಿನಲ್ಲಿ. ನಮ್ಮ ಇಂಗ್ಲಿಷ್ ವಿಭಾಗದ ಮುಖ್ಯಸ್ಥರಾದ ಇಸಿದೋರ್ ಸರ್ ಮೇ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಆ ಕುರ್ಚಿಗೆ ಉಮೇದುವಾರರು ಇಬ್ಬರು: ನಾನು ಮತ್ತು ಸರ್ವೋತ್ತಮ. ಸರ್ವೋತ್ತಮ ಎಲ್ಲವನ್ನೂ ಓದುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ನಾನು ಅದರ ಉಲ್ಟಾ. ಇಸಿದೋರ್ ಸರ್ ಯಾರ ಹೆಸರು ಹೇಳುತ್ತಾರೋ ಅವರೇ ಮುಖ್ಯಸ್ಥರು ಎಂಬುದು ಕಾಲೇಜಿನ ಜವಾನನಿಗೂ ಗೊತ್ತಿತ್ತು. ನನಗೆ ಆ ಕುರ್ಚಿ ಬೇಕಾಗಿತ್ತು. ಅದಕ್ಕೆ ಕೈಗಳುಂಟು, ಮೆತ್ತೆಯುಂಟು, ಅದರ ತಲೆಯ ಮೇಲೆ ವಿಭಾಗದ ಏಕೈಕ ಫ್ಯಾನುಂಟು. ಹನ್ನೊಂದು ವರ್ಷ ಮಂಗಳೂರಿನ ಸೆಕೆಯಲ್ಲಿ ಮೂಲೆಯಲ್ಲಿ ಕೂತು ಬೆಂದವನಿಗೆ ಮಾತ್ರ ಅದರ ಬೆಲೆ ಗೊತ್ತು.

ಇಸಿದೋರ್ ಸರ್‌ಗೆ ಪ್ರಾಣಕ್ಕಿಂತ ಪ್ರಿಯವಾದದ್ದು ಒಂದು ಕಾದಂಬರಿ. ನೂರೈವತ್ತು ವರ್ಷ ಹಿಂದಿನದು, ಐನೂರ ಹನ್ನೆರಡು ಪುಟ, ಬಿ.ಎ. ಕೊನೆಯ ವರ್ಷಕ್ಕೆ ಪಠ್ಯ. (ಹೆಸರು ಹೇಳುವುದಿಲ್ಲ. ಹೇಳಿದರೆ ಈಗಲೂ ನನಗೆ ಗಂಟಲು ಒಣಗುತ್ತದೆ.) ಕಥೆ ಇಷ್ಟು: ವಿನಿಫ್ರೆಡ್ ಎಂಬ ಹುಡುಗಿ. ಮದುವೆಯ ಹಿಂದಿನ ದಿನ ಅವಳ ಗಂಡು ಕಡಲಲ್ಲಿ ಮುಳುಗಿ ಸಾಯುತ್ತಾನೆ. ಅವಳು ಮದುವೆಯ ಉಡುಪಿನಲ್ಲೇ ಜ್ವರ ಬಂದು ಸಾಯುತ್ತಾಳೆ. ಐವತ್ತು ವರ್ಷದ ಮೇಲೆ ಅವಳಿದ್ದ ಕೋಟೆಗೆ ಒಂದು ಸಂಸಾರ ವಾಸಕ್ಕೆ ಬಂದರೆ, ಬಿಳಿ ಗೌನಿನಲ್ಲಿ ಮೇಣದಬತ್ತಿ ಹಿಡಿದ ವಿನಿಫ್ರೆಡ್ ದಿನಾ ಎಲ್ಲರ ಕೋಣೆಯ ಬಾಗಿಲು ತಟ್ಟುತ್ತಾಳೆ.

ಇದನ್ನು ನಾನು ಹನ್ನೊಂದು ವರ್ಷ ಪಾಠ ಮಾಡಿದ್ದೆ. ಅದ್ಭುತವಾಗಿ ಮಾಡಿದ್ದೆ. ಓದಿರಲಿಲ್ಲ, ಅಷ್ಟೇ.

ಓದುವ ಅಗತ್ಯವಾದರೂ ಏನು? ಅರುವತ್ತನಾಲ್ಕು ಪುಟದ ಹಳದಿ ರಟ್ಟಿನ ಗೈಡು ನನ್ನಲ್ಲಿತ್ತು. ಅದರ ಕೊನೆಯ ಹಾಳೆ ಮೊದಲ ವರ್ಷವೇ ಎಲ್ಲಿಗೋ ಹೋಗಿತ್ತು, ಹಾಗಾಗಿ ಕಥೆಯ ಕೊನೆ ಏನೆಂಬುದು ನನಗೆ ಗೊತ್ತಿರಲಿಲ್ಲ. ಆದರೆ ಜಾಣನಿಗೆ ದಾರಿ ನೂರು. ಪ್ರತಿ ವರ್ಷ ಕೊನೆಯ ತರಗತಿಯಲ್ಲಿ ಪುಸ್ತಕ ಮುಚ್ಚಿ, ಕಿಟಕಿಯ ಹೊರಗೆ ನೋಡಿ, "ಕೊನೆಯ ಅಧ್ಯಾಯವನ್ನು ನಾನು ಹೇಳುವುದಿಲ್ಲ. ಆ ನಿಧಿಯನ್ನು ನೀವೇ ಅಗೆದು ತೆಗೆಯಬೇಕು" ಎನ್ನುತ್ತಿದ್ದೆ. ಹುಡುಗಿಯರ ಕಣ್ಣು ಒದ್ದೆಯಾಗುತ್ತಿತ್ತು.

ಇಂಥ ಸುಖದ ದಿನಗಳಲ್ಲಿ ಒಮ್ಮೆ ಸ್ಟಾಫ್ ರೂಮಿನಲ್ಲಿ ಇಸಿದೋರ್ ಸರ್, "ನಮ್ಮ ಕಾದಂಬರಿಯನ್ನು ಸಿನಿಮಾ ಮಾಡಿದ್ದಾರಂತೆ. ರಿಟೈರ್ ಆಗುವ ಮೊದಲು ಒಮ್ಮೆ ನೋಡ್ಬೇಕು" ಅಂದರು. ಸರ್ವೋತ್ತಮ ತಲೆಯಾಡಿಸಿದ. ನನ್ನ ತಲೆಯೊಳಗೆ ದೀಪ ಹತ್ತಿತು. ಆ ಸಂಜೆಯೇ ಕುದ್ರೋಳಿಗೆ ಹೋಗಿ ಸಲಾಂನ ವಿಡಿಯೋ ಅಂಗಡಿ ಹೊಕ್ಕೆ. ಸಲಾಂ ಕುವೈತಿನಿಂದ ಬರುವ ಕ್ಯಾಸೆಟ್ಟುಗಳ ರಾಶಿ ಕೆದಕಿ, ಮೂರನೇ ವಾರ ಆ ಸಿನಿಮಾ ತೆಗೆದೇಬಿಟ್ಟ.

"ಕೆಳಗೆ ಅರಬ್ಬಿ ಅಕ್ಷರ ಬರ್ತದೆ ಸಾರ್, ಅದಕ್ಕೆ ಎಂತ ಮಾಡ್ಲಿಕ್ಕಾಗುದಿಲ್ಲ" ಅಂದ.

"ಪರವಾಗಿಲ್ಲ, ನಾವು ಮೇಲಿನದ್ದು ನೋಡುತ್ತೇವೆ" ಅಂದೆ.

ಇಸಿದೋರ್ ಸರ್ ಮತ್ತು ಅವರ ಹೆಂಡತಿ ರೊಸಾಲಿನ್ ಬಾಯಿಯವರನ್ನು ಈಸ್ಟರ್ ಕಳೆದ ಮೇಲಿನ ಒಂದು ಭಾನುವಾರ ಊಟಕ್ಕೂ ಸಿನಿಮಾಕ್ಕೂ ಕರೆದೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಸರ್ವೋತ್ತಮರನ್ನು ಕರೆಯುದಿಲ್ವಾ?" ಎಂದಳು ಸ್ವರ್ಣಲತಾ.

"ಅವನಿಗೆ ದೆವ್ವ ಅಂದರೆ ಭಯ."

"ಅವರ ಹೆಂಡತಿ ಹೇಳಿದ್ರು, ಆ ಪುಸ್ತಕ ಅವರು ಮೂರು ಸಲ ಓದಿದ್ದಾರಂತೆ."

"ಮೂರು ಸಲ ಓದಬೇಕಾಯಿತು ಎಂದರೆ ಎರಡು ಸಲ ಅರ್ಥವಾಗಲಿಲ್ಲ ಎಂದೇ ಲೆಕ್ಕ."

"ನೀವು ಎಷ್ಟು ಸಲ ಓದಿದ್ದು?"

ಹೆಂಡತಿಯರಿಗೆ ಇಂಥ ಪ್ರಶ್ನೆಗಳನ್ನು ಯಾರು ಹೇಳಿಕೊಡುತ್ತಾರೋ! ನಾನು ಮಾತು ಬದಲಿಸಿ, ಆ ಮಧ್ಯಾಹ್ನ ಅತ್ತೆಯವರನ್ನು ಕುದ್ರೋಳಿ ದೇವಸ್ಥಾನಕ್ಕೆ ಕಳಿಸಿದರೆ ಹೇಗೆ ಎಂದು ಮೆಲ್ಲಗೆ ಕೇಳಿದೆ. ಒಳಗಿನಿಂದ ಅತ್ತೆಯ ದನಿ ಬಂತು. (ಅವರು ಮಾತಾಡುವುದು ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಕೊಡುತ್ತಿದ್ದೇನೆ, ಖಾರ ಮಾತ್ರ ಅವರದ್ದೇ.)

"ಆ ಬಿಸಿಲಿಗೆ ದೇವರೂ ಮಲಗಿರ್ತಾರೆ. ನಾನು ಇಲ್ಲೇ ಕೂತು ದೆವ್ವ ನೋಡ್ತೇನೆ."

ಅತ್ತೆ ಮತ್ತು ನನ್ನ ನಡುವೆ ದೆವ್ವದ ವಿಷಯದಲ್ಲಿ ಹಳೆಯ ಜಗಳವಿತ್ತು. ಸತ್ತವರ ಜೀವವನ್ನು ತುಳುವಿನಲ್ಲಿ ಕುಲೆ ಅನ್ನುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಅತ್ತೆ ಮನೆಯ ಕುಲೆಗಳಿಗೆಲ್ಲ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತಾರೆ. "ಅಪ್ಪನಿಗೆ ಕೋಳಿಯ ಕಾಲು ಬೇಕು, ಅಜ್ಜಿಗೆ ಉಪ್ಪು ಕಮ್ಮಿ" ಎಂದು ಸತ್ತವರ ಪಥ್ಯವನ್ನೂ ನೆನಪಿಟ್ಟುಕೊಂಡಿದ್ದಾರೆ. ಎಂಟು ವರ್ಷದ ಹಿಂದೆ ಅವರು, ಹರೆಯದಲ್ಲೇ ಮದುವೆ ನಿಶ್ಚಯವಾದಾಗ ಜ್ವರದಲ್ಲಿ ತೀರಿಹೋಗಿದ್ದ ತಂಗಿ ಕಿನ್ನಿಗೆ, ಹಾಗೇ ಮದುವೆಯಾಗದೆ ಸತ್ತ ಒಬ್ಬ ಹುಡುಗನ ಮನೆ ಹುಡುಕಿ, ಬರಿ ಎಂಬ ಕುಲಗೋತ್ರ ನೋಡಿ, ಸೀರೆ ಬಳೆ ಇಟ್ಟು, ನೆಂಟರನ್ನು ಕರೆದು ಮದುವೆಯನ್ನೇ ಮಾಡಿಸಿದರು. ನನಗೂ ಕರೆ ಇತ್ತು. ಉತ್ತರ ಪತ್ರಿಕೆಯ ಮೌಲ್ಯಮಾಪನ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಇಂಗ್ಲಿಷ್ ಉಪನ್ಯಾಸಕನೊಬ್ಬ ಪ್ರೇತದ ಮದುವೆಯಲ್ಲಿ ಊಟಕ್ಕೆ ಕೂತದ್ದು ಯಾರಾದರೂ ನೋಡಿದರೆ? ನನ್ನ ಸಿದ್ಧಾಂತ ಸರಳವಾಗಿತ್ತು: ಇಂಗ್ಲೆಂಡಿನ ದೆವ್ವ ಸಾಹಿತ್ಯ, ಕುಲಶೇಖರದ ದೆವ್ವ ಮೂಢನಂಬಿಕೆ.

ಭಾನುವಾರ ಬಂತು. ಸಲಾಂ ರಿಕ್ಷಾದಲ್ಲಿ ಟಿ.ವಿ.ಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಂತೂರಿನ ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಬಂದಿಳಿದ. ವಯರು ಸಿಕ್ಕಿಸಿ, ಕ್ಯಾಸೆಟ್ಟು ಹಾಕಿ ತೋರಿಸಿ, "ಆರು ಗಂಟೆಗೆ ಬಂದು ಕೊಂಡೋಗ್ತೇನೆ ಸಾರ್, ಗೆರೆ ಬಂದ್ರೆ ಮೆಲ್ಲ ಒಂದು ಪೆಟ್ಟು ಕೊಡಿ" ಎಂದು ಹೋದ.

ನಾನು ಚಾವಡಿಯ ಮೂರು ಕಿಟಕಿಗೂ ಕಂಬಳಿ ಕಟ್ಟಿದೆ. ಗಾಥಿಕ್, ಅಂದರೆ ಪಾಳುಕೋಟೆಯ ದೆವ್ವದ ಕಥೆ, ಅದಕ್ಕೆ ಕತ್ತಲೆ ಬೇಕು.

"ಎಂತ ಮಾರಾಯ್ರೇ ಇದು, ಮನೆಯಲ್ಲಿ ಬಾಣಂತಿ ಉಂಟಾ?" ಎಂದಳು ಸ್ವರ್ಣಲತಾ, ಗೋಳಿಬಜೆಯ ಹಿಟ್ಟಿನ ಕೈಯಲ್ಲೇ.

"ಇದು ವಾತಾವರಣ ನಿರ್ಮಾಣ."

"ಎಪ್ರಿಲ್ ತಿಂಗಳಲ್ಲಿ ಕಂಬಳಿ ಕಟ್ಟಿದ್ರೆ ವಾತಾವರಣ ಅಲ್ಲ, ಜೀವ ಹೋಗ್ತದೆ."

ಅತಿಥಿಗಳು ಬಂದರು. ನೀರುದೋಸೆ, ಕೋಳಿ ಗಸಿ ಚೆನ್ನಾಗಿಯೇ ಇಳಿಯಿತು. ರೊಸಾಲಿನ್ ಬಾಯಿ ನಿವೃತ್ತ ನರ್ಸು, ಬಾಯಿ ತುಂಬ ನಗುವ ಹೆಂಗಸು. ಅವರೂ ಅತ್ತೆಯೂ ಅರ್ಧ ಗಂಟೆಯಲ್ಲಿ ಒಂದೇ ತಟ್ಟೆಯಿಂದ ಅಡಿಕೆ ತೆಗೆಯುವಷ್ಟು ಹತ್ತಿರವಾದರು. ಮೂರು ಗಂಟೆಗೆ ಎಲ್ಲರನ್ನೂ ಕತ್ತಲೆಯಲ್ಲಿ ಕೂರಿಸಿ, ನಾನು ಟಿ.ವಿ.ಯ ಪಕ್ಕ ನಿಂತು ಪ್ರಸ್ತಾವನೆ ಶುರುಮಾಡಿದೆ. ಬೀಭತ್ಸ, ಭವ್ಯತೆ, ಮಾನವ ಚಿತ್ತದ ಪಾಳುಕೋಟೆ... ಗೈಡಿನ ಮೂರನೇ ಪುಟದಿಂದ ಒಂಬತ್ತನೇ ಪುಟದವರೆಗೆ ಉಸಿರು ಬಿಡದೆ ಹೇಳಿದೆ. ಬೆವರು ಅಂಗಿಯನ್ನು ಹಿಂಡುವಂತಿತ್ತು. ಇಸಿದೋರ್ ಸರ್ ಕರವಸ್ತ್ರ ಬೀಸುತ್ತಾ, "ಒಳ್ಳೆಯದು ಚಿತ್ತರಂಜನ್, ಇನ್ನು ನೋಡುವನಾ?" ಅಂದರು. ಪ್ರಸನ್ನರಾಗಿದ್ದಾರೆ ಎಂದುಕೊಂಡೆ. ಫ್ಯಾನಿನ ಗಾಳಿ ನನ್ನ ನೆತ್ತಿಗೆ ಈಗಲೇ ತಾಗಿದ ಹಾಗಾಯಿತು.

ಸಿನಿಮಾ ಶುರುವಾಯಿತು. ಕೋಟೆ, ಗುಡುಗು, ತೋಳ ಊಳಿಡುವ ಸದ್ದು. ವಿನಿಫ್ರೆಡ್ ಮೇಣದಬತ್ತಿ ಹಿಡಿದು ಮೊದಲ ಬಾಗಿಲು ತಟ್ಟಿದ್ದೇ ತಡ, ರೊಸಾಲಿನ್ ಬಾಯಿ "ಸಾಯ್ಬಾ ಭೊಗೊಸ್!" ಎಂದು ಕೊಂಕಣಿಯಲ್ಲಿ ದೇವರ ಕ್ಷಮೆ ಬೇಡಿ ಕೊರಳಿನ ಶಿಲುಬೆ ಹಿಡಿದುಕೊಂಡರು. ಸ್ವರ್ಣಲತಾ ಬನ್ಸಿನ ತಟ್ಟೆಯ ಹಿಂದೆ ಮುಖ ಮರೆಸಿದಳು. ನಿಜ ಹೇಳುತ್ತೇನೆ, ನನಗೂ ಕಾಲು ನೆಲದಿಂದ ಮೇಲೆ ಬಂತು. ಅತ್ತೆ ಮಾತ್ರ ಹೂ ಕಟ್ಟುತ್ತಾ,

"ಪಾಪ, ಹಸಿವೆಯಾಗಿದೆ ಹುಡುಗಿಗೆ" ಅಂದರು.

"ಮಾಮಿ, ಅದು ದೆವ್ವ."

"ಮತ್ತೆಂತ, ದೆವ್ವಕ್ಕೆ ಹಸಿವೆ ಇಲ್ವಾ? ಇಷ್ಟು ದೊಡ್ಡ ಮನೆ, ಒಂದು ಎಲೆ ಹಾಕಿ ಬಡಿಸುವವರಿಲ್ಲ. ಬಾಗಿಲು ತಟ್ಟದೆ ಎಂತ ಮಾಡುದು ಅದು?"

"ಅಮ್ಮ, ಸುಮ್ನಿರು" ಅಂದಳು ಸ್ವರ್ಣಲತಾ.

ಸುಮ್ಮನಿರುವ ಜೀವವೇ ಅದು? ಗಂಡು ಕಡಲಲ್ಲಿ ಮುಳುಗಿದ ಹಿಂದಿನ ಕಥೆ ತೆರೆಯ ಮೇಲೆ ಬಂದಾಗ ಅತ್ತೆ ಹೂ ಕಟ್ಟುವುದನ್ನೇ ನಿಲ್ಲಿಸಿದರು. "ಮದುವೆ ಆಗದೆ ಸತ್ತದ್ದಾ ಇದು?" ಎಂದು ರೊಸಾಲಿನ್ ಬಾಯಿಯನ್ನು ಕೇಳಿದರು. ಹೌದೆಂದಾಗ, "ಗಂಡೂ ಸತ್ತಿದ್ದಾನೆ. ಹುಡುಕುವ ಕೆಲಸವೂ ಇಲ್ಲ, ಹೊಂದಿಕೆಯೂ ಮೊದಲೇ ಆಗಿದೆ. ಮತ್ತೆಂತಕ್ಕೆ ತಡ? ಆ ಮನೆಯಲ್ಲಿ ಒಬ್ಬಳು ಮುದುಕಿ ಇಲ್ವಾ ಹೇಳ್ಲಿಕ್ಕೆ?" ಅಂದರು.

"ಇರ್ಬೇಕಿತ್ತು ಅಮ್ಮ, ಇರ್ಬೇಕಿತ್ತು" ಎಂದರು ಇಸಿದೋರ್ ಸರ್ ಕತ್ತಲೆಯಲ್ಲಿ. ಆ ಮಾತಿನಲ್ಲಿ ಏನೋ ಇತ್ತು. ನಾನು ಗಮನಿಸಲಿಲ್ಲ.

ಸಿನಿಮಾದ ಕೊನೆಗೆ ಊರಿನವರೆಲ್ಲ ಪಂಜು ಹಿಡಿದು ಬಂದು ಕೋಟೆಗೆ ಬೆಂಕಿ ಇಟ್ಟರು. ವಿನಿಫ್ರೆಡ್ ಕಿರುಚುತ್ತಾ ಕಿರುಚುತ್ತಾ ಉರಿದುಹೋದಳು. ಕೆಳಗೆ ಅರಬ್ಬಿಯಲ್ಲಿ ಏನೋ ಬಂತು. ನಾನು ಎದ್ದು ಒಂದು ಕಂಬಳಿ ಸರಿಸಿದೆ. ಬೆಳಕಿನಲ್ಲಿ ನೋಡಿದರೆ ಇಸಿದೋರ್ ಸರ್ ಕಣ್ಣಲ್ಲಿ ನೀರು!

"ಚಿತ್ತರಂಜನ್, ಕೊನೆ ಹೇಗಾಯ್ತು ನಿಮಗೆ?" ಎಂದರು ಮೆಲ್ಲಗೆ.

ಕಾದಂಬರಿಯಲ್ಲೂ ಇದೇ ಕೊನೆಯೋ ಬೇರೆಯೋ ದೇವರೇ ಬಲ್ಲ. ನನ್ನ ಬುದ್ಧಿ ಮಿಂಚಿನಂತೆ ಓಡಿತು: ಸರ್ ಅಳುತ್ತಿದ್ದಾರೆ. ಪ್ರೀತಿಯ ಪುಸ್ತಕವನ್ನು ಇದ್ದ ಹಾಗೇ ತೆರೆಯ ಮೇಲೆ ಕಂಡರಲ್ಲವೇ ಅಳು ಬರುವುದು?

"ಅದ್ಭುತ ಸರ್!" ಅಂದೆ. "ಪುಸ್ತಕದಲ್ಲಿ ಇದ್ದ ಹಾಗೇ, ಅಕ್ಷರಶಃ! ಆ ಬೆಂಕಿ ಉಂಟಲ್ಲ ಸರ್, ಅದು ಬೆಂಕಿಯಲ್ಲ, ಶುದ್ಧೀಕರಣ. ಆ ಪುಟ ಓದಿದಾಗಲೆಲ್ಲ ನನಗೆ ರೋಮಾಂಚನ."

ಸರ್‌ರ ಹುಬ್ಬು ಮೇಲೆ ಹೋಯಿತು. "ಹಾಗಾ?" ಎಂದು ಅತ್ತೆಯ ಕಡೆ ತಿರುಗಿದರು. "ನಿಮಗೆ ಹೇಗಾಯ್ತು ಅಮ್ಮ?"

ಅತ್ತೆಯ ಮುಖ ಕೆಂಪಾಗಿತ್ತು. "ಸುಡುದಾ? ತೀರಿಹೋದ ಹುಡುಗಿಯನ್ನು ಇನ್ನೊಮ್ಮೆ ಸುಡುದಾ? ಇಂಥ ಸಿನಿಮಾ ವೇಸ್ಟ್! ಒಂದು ಉಂಗುರ, ನಾಲ್ಕು ಜನ, ಅವರ ಪೂಜೆಯ ಪಾದ್ರಿ ಒಬ್ಬರು. ಗಂಡಿನ ಹೆಸರೂ ಹುಡುಗಿಯ ಹೆಸರೂ ಹೇಳಿ ಮದುವೆ ಮಾಡಿಸಿದ್ರೆ ಅವಳು ತಟ್ಟುದು ನಿಲ್ಲಿಸ್ತಾಳೆ. ನಮ್ಮ ಕಿನ್ನಿ ಇಪ್ಪತ್ತು ವರ್ಷ ನನ್ನ ಕನಸಿನ ಬಾಗಿಲಲ್ಲಿ ನಿಂತಿದ್ಳು. ಮದುವೆ ಮಾಡಿಸಿದ ಮೇಲೆ ಒಂದೇ ಒಂದು ದಿನ ಬರ್ಲಿಲ್ಲ. ಒಮ್ಮೊಮ್ಮೆ ಬಂದ್ರೂ ಆಗ್ತಿತ್ತು ಅಂತ ಕಾಣ್ತದೆ ನನಗೆ." ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದರು. "ನೀವು ಆ ಮದುವೆಗೂ ಬರ್ಲಿಲ್ಲ."

ರೊಸಾಲಿನ್ ಬಾಯಿ ಅವರ ಕೈ ಹಿಡಿದುಕೊಂಡರು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ಕೈಯಿರುವ ಕುರ್ಚಿಯಲ್ಲಿ ಕೂತು ಈ ಕಥೆ ಬರೆಯುತ್ತಿದ್ದೆ. ಆದರೆ ಅತಿಥಿಗಳ ಎದುರು ಕುಲೆಯ ಮದುವೆಯ ಮಾತು ಬಂದದ್ದಕ್ಕೆ ನನಗೆ ನಾಚಿಕೆಯಲ್ಲಿ ಪ್ರಾಣ ಹೋದ ಹಾಗಾಗಿತ್ತು.

"ಮಾಮಿ, ಇದು ಇಂಗ್ಲಿಷ್ ಸಾಹಿತ್ಯ!" ಎಂದೆ ದೊಡ್ಡ ದನಿಯಲ್ಲಿ. "ಸತ್ತವರಿಗೆ ಮದುವೆ ಮಾಡಿಸುವಂಥ ಮೂಢನಂಬಿಕೆ ಆ ಮಹಾಕೃತಿಯಲ್ಲಿ ಒಂದು ಸಾಲಾದರೂ ಇದ್ದಿದ್ದರೆ, ಹನ್ನೊಂದು ವರ್ಷ ನಾನದನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಕ್ಷಮಿಸಿ ಸರ್, ಇವರಿಗೆ ಗೊತ್ತಾಗುವುದಿಲ್ಲ."

ಚಾವಡಿ ತಣ್ಣಗಾಯಿತು. (ಎಪ್ರಿಲ್‌ನಲ್ಲಿ, ಎರಡು ಕಂಬಳಿಗಳ ನಡುವೆ.) ಇಸಿದೋರ್ ಸರ್ ಕನ್ನಡಕ ತೆಗೆದು ಒರೆಸಿದರು.

"ಚಿತ್ತರಂಜನ್, ಕಾದಂಬರಿಯಲ್ಲಿ ಬೆಂಕಿ ಇಲ್ಲ" ಎಂದರು. "ಕೋಟೆಯಲ್ಲಿ ಮಾರ್ಥಾ ಅಂತ ಒಬ್ಬಳು ಮುದುಕಿ ಇದ್ದಾಳೆ. ಅಡುಗೆಯವಳು, ಓದು ಬರಹ ಇಲ್ಲ. ಈ ಸಿನಿಮಾದವರು ಅವಳನ್ನು ತೆಗೆದೇ ಹಾಕಿದ್ದಾರೆ, ಅದಕ್ಕೇ ನನಗೆ ಸಂಕಟ ಆದದ್ದು. ಕೊನೆಯ ಅಧ್ಯಾಯದಲ್ಲಿ ಮಾರ್ಥಾ ಪಾದ್ರಿಯನ್ನು ಒಪ್ಪಿಸಿ ಎರಡು ಸಮಾಧಿಯ ನಡುವೆ ನಿಲ್ಲಿಸ್ತಾಳೆ. ಉಂಗುರ ಇಡ್ತಾಳೆ. ಮದುವೆಯ ಮಂತ್ರ ಓದಿಸ್ತಾಳೆ. ಅವತ್ತಿನಿಂದ ವಿನಿಫ್ರೆಡ್ ಬಾಗಿಲು ತಟ್ಟುದಿಲ್ಲ. ಮೂವತ್ತು ವರ್ಷದಿಂದ ಆ ಅಧ್ಯಾಯ ನಾನು ಓದ್ತಾ ಇದ್ದೇನೆ. ಇವತ್ತು ನಿಮ್ಮ ಅತ್ತೆ ಓದದೆ ಹೇಳಿದ್ರು."

ಮುಳುಗುವವನ ಹಾಗೆ ಒಂದು ಹುಲ್ಲುಕಡ್ಡಿ ಹಿಡಿದೆ. "ಬೇರೆ ಬೇರೆ ಮುದ್ರಣಗಳಲ್ಲಿ ಸರ್... ನನ್ನ ಪ್ರತಿಯಲ್ಲಿ..."

ಕಷ್ಟಕಾಲದಲ್ಲಿ ಗಂಡನ ನೆರವಿಗೆ ಬರುವವಳೇ ಹೆಂಡತಿ. ಸ್ವರ್ಣಲತಾ ಎದ್ದೇಬಿಟ್ಟಳು. "ಹೌದು ಸರ್, ಇವರ ತಪ್ಪಲ್ಲ. ಇವರ ಪುಸ್ತಕದಲ್ಲಿ ಕಡೇ ಹಾಳೆಯೇ ಇಲ್ಲ. ಹನ್ನೊಂದು ವರ್ಷದ ಹಿಂದೆ ಅಮ್ಮ ಅದರಲ್ಲಿ ಹೊಗೆಸೊಪ್ಪು ಕಟ್ಟಿದ್ದು. ಬೇಕಾದ್ರೆ ನೋಡಿ!" ಎಂದು ಒಳಗೆ ಓಡಿ, ನನ್ನ ಪರವಾದ ಸಾಕ್ಷ್ಯವನ್ನು ತಂದು ಸರ್‌ರ ಕೈಯಲ್ಲಿ ಇಟ್ಟಳು. ಹಳದಿ ರಟ್ಟು. ಅರುವತ್ತನಾಲ್ಕು ಪುಟ, ಅದರಲ್ಲಿ ಎರಡು ಕಮ್ಮಿ.

ಇಸಿದೋರ್ ಸರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಗೋಳಿಬಜೆ ಇನ್ನೂ ಉಂಟಾ?" ಎಂದು ಕೇಳಿದರು. ಆಮೇಲೆ ಎರಡು ಗಂಟೆ ಮೂವರೂ ಅತ್ತೆಯ ಸುತ್ತ ಕೂತು ಕಿನ್ನಿಯ ಮದುವೆಯ ಕಥೆ ಕೇಳಿದರು. ಹುಡುಗನ ಮನೆಯವರು ಏನು ತಂದರು, ಯಾವ ಸೀರೆ, ಊಟಕ್ಕೆ ಎಷ್ಟು ಎಲೆ. ರೊಸಾಲಿನ್ ಬಾಯಿ ತಮ್ಮ ಕಡೆ ಸತ್ತವರಿಗಾಗಿ ಇಗರ್ಜಿಯಲ್ಲಿ ಪೂಜೆ ಇಡಿಸುವುದನ್ನು ಹೇಳಿದರು. ಸಲಾಂ ಟಿ.ವಿ. ಕೊಂಡೋಗಲು ಬಂದವನು ತಾನೂ ಕೂತ. ನಾನು ಕಂಬಳಿ ಮಡಚಿದೆ.

ಜೂನ್ ಒಂದಕ್ಕೆ ಸರ್ವೋತ್ತಮ ಮುಖ್ಯಸ್ಥನಾದ. ಬಾಯಿ ಬಿಡದೆ ಹೋಗಿ ಫ್ಯಾನಿನ ಕೆಳಗೆ ಕೂತ. ನನಗೆ ಹೊಟ್ಟೆ ಉರಿಯಿತು, ಮುಚ್ಚಿಟ್ಟು ಫಲವಿಲ್ಲ. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ.

ಆಟಿ ತಿಂಗಳಲ್ಲಿ ನಮ್ಮ ಇಂಗ್ಲಿಷ್ ಸಂಘದ ಉದ್ಘಾಟನೆ. ಇಸಿದೋರ್ ಸರ್ ಅಧ್ಯಕ್ಷತೆ. ಕರೆಯೋಲೆಯಲ್ಲಿ ದಪ್ಪ ಅಕ್ಷರದಲ್ಲಿ, 'ತುಳುನಾಡಿನ ಕುಲೆ ಮತ್ತು ಇಂಗ್ಲಿಷ್ ಗಾಥಿಕ್ ಕಾದಂಬರಿ. ಉಪನ್ಯಾಸ: ಶ್ರೀಮತಿ ಗುಣವತಿ.' (ಗುಣವತಿ ಎಂದರೆ ನನ್ನ ಅತ್ತೆಯೇ.) ಆ ಹೆಸರಿನ ಕೆಳಗೆ ಇರುವೆಯ ಗಾತ್ರದಲ್ಲಿ, 'ಇಂಗ್ಲಿಷ್ ಅನುವಾದ: ಚಿತ್ತರಂಜನ.' ಮೈಸೂರಿನಿಂದ ಬಂದ ಇಬ್ಬರು ಅತಿಥಿ ಪ್ರಾಧ್ಯಾಪಕರಿಗೆ ತುಳು ಬಾರದು, ಅದಕ್ಕೆ ನಾನು.

ಅತ್ತೆ ಹೊಸ ಸೀರೆಯುಟ್ಟು, ಮುಡಿಗೆ ಅಬ್ಬಲಿಗೆ ಮುಡಿದು, ಮೈಕಿನ ಎದುರು ಅಡುಗೆಮನೆಯಲ್ಲಿ ನಿಂತಷ್ಟೇ ಸಲೀಸಾಗಿ ನಿಂತರು. ಕಿನ್ನಿಯ ಕಥೆ ಹೇಳಿದರು, ವಿನಿಫ್ರೆಡ್ಡಳ ಕಥೆ ಹೇಳಿದರು. ಇಬ್ಬರೂ ಅವರ ಬಾಯಲ್ಲಿ ಅಕ್ಕತಂಗಿಯರೇ ಆಗಿಹೋದರು. ನಾನು ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ಹಾಕುತ್ತಾ ಹೋದೆ. ಕೊನೆಗೆ ಒಬ್ಬಳು ವಿದ್ಯಾರ್ಥಿನಿ ಎದ್ದು, "ಅಮ್ಮ, ಕುಲೆಗಳು ಯಾಕೆ ಹಾಗೆ ಅಲೀತವೆ?" ಎಂದು ಕೇಳಿದಳು.

"ಕಡೆಗೆ ಆಗಬೇಕಾದ್ದು ಆಗದೆ ಉಳಿದ್ರೆ ಅಲೆಯುದು ಮಗಾ" ಎಂದರು ಅತ್ತೆ. "ಅದಕ್ಕೆ ಸಾಯಲೇಬೇಕು ಅಂತ ಇಲ್ಲ. ನಮ್ಮ ಅಳಿಯನನ್ನೇ ನೋಡಿ. ಕಡೇ ಹಾಳೆ ಇಲ್ಲದೆ ಹನ್ನೊಂದು ವರ್ಷ ನಿಮ್ಮ ಪಾಠದ ಕೋಣೆಯಲ್ಲಿ ಅಲೆದ್ರು, ಪಾಪ. ಈಗ ಆ ದಪ್ಪ ಪುಸ್ತಕ ತಂದು ಓದ್ತಿದ್ದಾರೆ. ನೂರ ನಲ್ವತ್ತನೇ ಪುಟ ಆಗಿದೆ. ಮುಗಿದ ಕೂಡ್ಲೇ ಶಾಂತಿ ಆಗ್ತದೆ."

ಸಭೆ ಬಿದ್ದು ಬಿದ್ದು ನಕ್ಕಿತು. ಸ್ವರ್ಣಲತಾ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜಾಸ್ತಿ ನಕ್ಕಳು. ಮೈಸೂರಿನ ಇಬ್ಬರು ಮಾತ್ರ ಒಂದೂ ಅರ್ಥವಾಗದೆ ನನ್ನ ಮುಖ ನೋಡಿದರು. ಸರ್ವೋತ್ತಮ ಎದ್ದು ಬಂದು, ಆ ದಿನದ ತನ್ನ ಮೊದಲ ಮಾತನ್ನು ಆಡಿದ: "ಅನುವಾದ, ಚಿತ್ತರಂಜನ್."

ಮೈಕನ್ನು ನನ್ನ ಕಡೆ ತಿರುಗಿಸಿದ. ನಾನು ಗಂಟಲು ಸರಿಮಾಡಿಕೊಂಡು ಅನುವಾದ ಮಾಡಿದೆ. ಒಂದು ಶಬ್ದವನ್ನೂ ಬಿಡಲಿಲ್ಲ. ಹನ್ನೊಂದು ವರ್ಷದ ಉದ್ಯೋಗದಲ್ಲಿ ನಾನು ಒಂದು ಪಾಠವನ್ನು ಕೊನೆಯ ಸಾಲಿನವರೆಗೂ ಮಾಡಿ ಮುಗಿಸಿದ್ದು ಅದೇ ಮೊದಲು.